ಹಲಸಿನ ಬೀಜದ ಮೇಡಂ
ಬಾಳಗಡಿಯ ಕಾಲೇಜಿನಲ್ಲಿ ಅಂಬುಜಾಕ್ಷಿಯವರಿಗೆ ಹಲಸಿನ ಬೀಜದ ಮೇಡಂ ಎಂದೇ ಹೆಸರು. ಹಲಸಿನ ಕಾಲ ಬಂತೆಂದರೆ ನಾರ್ವೆಯಿಂದ ಕಡಹಿನಬೈಲಿನವರೆಗೆ ಯಾರ ಮನೆಯ ಬೀಜವೂ ಅವರ ಕಣ್ಣು ತಪ್ಪಿಸುವಂತಿಲ್ಲ. ಪ್ರೀತಿಯಿಂದ ಬೇಯಿಸಿ ತಂದವರಿಗೆ ಬೈಗುಳವೇ ಗತಿ: "ಎಂತ ಮಾರಾಯ್ತಿ, ಹಸಿ ಬೀಜ ಕೇಳಿದ್ದಲ್ವಾ ನಾನು! ಬೇಯಿಸಿದ್ರೆ ಅದರ ಹಿಡಿಯೋ ಶಕ್ತಿನೇ ಹೋಗ್ತದೆ." ಆ ಬೀಜದಲ್ಲಿ ಸಕ್ಕರೆಯನ್ನು ಹಿಡಿಯುವ ಒಂದು ಪ್ರೋಟೀನಿದೆ. ಅದನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಗಾಜಿನ ಕೊಳವೆಗೆ ತುಂಬಿ, ಕೆನೆ ತೆಗೆದ ತಾಯಿಹಾಲನ್ನು ಮೇಲಿನಿಂದ ಬಿಟ್ಟರೆ, ಮೈಮೇಲೆ ಸಕ್ಕರೆ ಹೊತ್ತ ಕೆಲವು ಪ್ರೋಟೀನುಗಳು ಮಾತ್ರ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಎಳೆಗೂಸನ್ನು ರೋಗದಿಂದ ಕಾಯುವ ಪ್ರೋಟೀನೂ ಅವುಗಳಲ್ಲೊಂದು. ಉಳಿದದ್ದು ಹನಿಹನಿಯಾಗಿ ಇಳಿದುಹೋಗುತ್ತದೆ, ಅವಸರ ಮಾಡಿದ ವಿದ್ಯಾರ್ಥಿಗೆ ಅವರ ಲ್ಯಾಬಿನಲ್ಲಿ ಉಳಿಗಾಲವಿಲ್ಲ. ಕೊನೆಗೆ ಸಕ್ಕರೆ ನೀರು ಹೊಯ್ದಾಗ ಬೀಜದ ಪ್ರೋಟೀನು ಆ ಸಕ್ಕರೆಯನ್ನು ಹಿಡಿದು, ತಾನು ಹಿಡಿದಿದ್ದನ್ನು ಬಿಟ್ಟುಕೊಡುತ್ತದೆ. "ಹಿಡಿದಿದ್ದನ್ನ ಬಿಡಿಸದೆ ಮನೆಗೆ ಹೋಗಬಾರದು" ಎಂಬುದು ಅವರ ಕಟ್ಟಾಜ್ಞೆ. ಅದಕ್ಕಾಗಿ ತಾವೇ ಎಷ್ಟೋ ಸಂಜೆ ಮನೆಗೆ ಹೋಗುವ ಶೃಂಗೇರಿಯ ಬಸ್ಸು ತಪ್ಪಿಸಿಕೊಂಡವರು. ಕಳೆದ ವಾರ, ಹೆರಿಗೆ ರಜೆಯಲ್ಲಿದ್ದ ಕಾಲೇಜು ಆಫೀಸಿನ ಭವ್ಯ ಒಂದು ಸಣ್ಣ ಬಾಟಲಿ ಹಾಲು ತಂದಳು. ಅವಳ ಮಗು ಮೂರೇ ದಿನ ಬದುಕಿತ್ತು. "ಚೆಲ್ಲೋಕೆ ಮನಸ್ಸು ಬರ್ಲಿಲ್ಲ ಮೇಡಂ. ಎಂತಕ್ಕಾದ್ರೂ ಆಗ್ತದಾ?" "ಆಗ್ತದೆ," ಎಂದರು ಅಂಬುಜಾಕ್ಷಿ. ಹಾಲು ಇಳಿಯಿತು, ಕೊಳವೆಯನ್ನು ಏಳು ಸಲ ತೊಳೆದದ್ದೂ ಆಯಿತು. ಸಕ್ಕರೆ ನೀರಿನ ಬೀಕರ್ ಎತ್ತಿದವರು ಹೊಯ್ಯದೆ ಹಾಗೇ ಕೆಳಗಿಟ್ಟರು. ಕೊಳವೆಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಬ್ಯಾಗು ಹೆಗಲಿಗೇರಿಸಿದರು. "ಇವತ್ತೊಂದು ದಿನ ಹಿಡ್ಕೊಂಡಿರ್ಲಿ."