ಮೇಡಂ ಬಿಡಿಸಿದ ಪೊರೆ

ಏಪ್ರಿಲ್ ಮಧ್ಯಾಹ್ನದಲ್ಲೂ ನಮ್ಮ ಮೇಡಂ ಕರಿ ಕಂಬಳಿ ಹೊದ್ದೇ ಶೀತಕೋಣೆಯಿಂದ ಹೊರಬರುತ್ತಿದ್ದರು. ಬೆರಳ ತುದಿಗಳು ಬಿಳಿಚಿ ಸುಕ್ಕಾಗಿರುತ್ತಿದ್ದವು. ಚಳ್ಳಕೆರೆಯ ಬಿಸಿಲಲ್ಲಿ ಅವರನ್ನು ಕಂಡವರು ಜ್ವರವೇನೋ ಎಂದುಕೊಳ್ಳುತ್ತಿದ್ದರು.

ನಾನು ಪಿಯುಸಿ ಮುಗಿಸಿ ಅವರ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದವಳು. ಕುರಿಯ ಕೆಂಪು ರಕ್ತಕಣದ ಪೊರೆ ಬಿಡಿಸುವುದು ಅವರ ಕೆಲಸ. ಕಣಗಳು ತೆಳು ಉಪ್ಪುನೀರಿನಲ್ಲಿ ಉಬ್ಬಿ ಒಡೆಯುತ್ತವೆ. ಯಂತ್ರದಲ್ಲಿ ತಿರುಗಿಸಿ, ತೊಳೆದು, ಮತ್ತೆ ತಿರುಗಿಸಿದರೆ ಕೆಂಪೆಲ್ಲ ಹೋಗಿ ತಳದಲ್ಲಿ ಕೆನೆಯಂಥದ್ದು ಉಳಿಯುತ್ತದೆ. ಅದೇ ಪೊರೆ. ಸಣ್ಣ ಸೂಜಿಯಲ್ಲಿ ಹಾಯಿಸಿದರೆ ಚೂರಾಗಿ, ಚೂರುಗಳು ತಾವೇ ಮುಚ್ಚಿಕೊಂಡು ಪುಟ್ಟ ಚೀಲಗಳಾಗುತ್ತವೆ. ಬಿಸಿ ಏರಿದಂತೆ ಅವುಗಳಿಂದ ಉಪ್ಪು ಎಷ್ಟು ಸೋರುತ್ತದೆಂದು ಮೇಡಂ ಅಳೆಯುತ್ತಿದ್ದರು. ನಮ್ಮ ಕುರಿಗಳು ಈ ಬಿಸಿಲನ್ನು ಹೇಗೆ ತಡೆಯುತ್ತವೆ ಎಂಬುದೇ ಬಿ.ಜಿ. ಕೆರೆಯಲ್ಲಿ ಹುಟ್ಟಿ ಬೆಳೆದ ಅವರ ಪ್ರಶ್ನೆ.

ಕಳೆದ ಬೇಸಿಗೆ ಅವರ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಯಿತು. ಅಷ್ಟರೊಳಗೆ ಕೊನೆಯ ಅಳತೆ ಆಗಬೇಕಿತ್ತು. ಬೇಸಿಗೆಯ ರಕ್ತ ಮಳೆಗಾಲದಲ್ಲಿ ಸಿಗುವುದಿಲ್ಲ. ದೇವಸಮುದ್ರದ ಮಂದೆಯೊಂದರಿಂದ ಪಶುವೈದ್ಯರ ಕೈಲಿ ರಕ್ತ ತೆಗೆಸಿದೆವು. ಮೊಳಕಾಲ್ಮೂರಲ್ಲಿ ಬಸ್ಸು ಬದಲಿಸುವಾಗ ಐಸ್‌ಕ್ಯಾಂಡಿ ಅಂಗಡಿಯಲ್ಲಿ ಡಬ್ಬಿಗೆ ಮಂಜುಗಡ್ಡೆ ತುಂಬಿಸಿದೆವು. ದಾರಿಯುದ್ದಕ್ಕೂ ಮೇಡಂ ತೊಡೆಯ ಮೇಲಿನ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಬಂದು ತೆರೆದರೆ ರಕ್ತ ಮಂಜುಗಟ್ಟಿ ಕಲ್ಲಿನಂತಾಗಿತ್ತು. ತಂಪು ಚೆನ್ನಾಗಿ ಹಿಡಿಯಲೆಂದು ಅಂಗಡಿಯವನು ತನ್ನ ಕ್ಯಾಂಡಿಗೆ ಮಾಡುವಂತೆ ಮಂಜುಗಡ್ಡೆಗೆ ಹರಳುಪ್ಪು ಸುರಿದಿದ್ದ. ಉಪ್ಪು ಬಿದ್ದ ಮಂಜು ಇನ್ನಷ್ಟು ಕೊರೆಯುತ್ತದೆ. ಕಣಗಳೆಲ್ಲ ಆಗಲೇ ಒಡೆದುಹೋಗಿದ್ದವು. ಹೇಗೂ ಒಡೆಯಬೇಕಾದ್ದೇ ಅಲ್ಲವೇ ಎಂದೆ, ಸಮಾಧಾನಕ್ಕೆ.

“ಒಡೀಬೇಕು ಕಣವ್ವ. ಆದ್ರೆ ನಾವು ಹೇಳ್ದಂಗೆ ಒಡೀಬೇಕು.”

ಆಸ್ಪತ್ರೆಗೆ ಹೊರಡಲು ಒಂದೇ ದಿನ ಉಳಿದಿತ್ತು. ಬೇಡವೆಂದರೂ ಮರುದಿನ ನನ್ನೊಂದಿಗೆ ಮತ್ತೆ ದೇವಸಮುದ್ರಕ್ಕೆ ಬಂದರು. ಬಸ್ಸಿಳಿದು ಎರಡು ಕಡೆ ಕೂತು ದಣಿವಾರಿಸಿಕೊಂಡರು. ನನ್ನ ಕಣ್ಣೆಲ್ಲ ಅವರ ಉಸಿರಿನ ಮೇಲೆ. ಕುರಿಯವನಿಗೆ ಇದೊಂದೂ ತಿಳಿಯದು.

“ನಿನ್ನೇದು ಕುಡುದ್ಬಿಟ್ರೇನ್ರಿ ಮೇಡಂ?” ಎಂದ.

ಮೇಡಂ ಎದೆ ಹಿಡಿದುಕೊಂಡೇ ನಕ್ಕರು. ಬರುವಾಗ ಐಸ್ ಅಂಗಡಿಯವನಿಗೆ ಬೈಯಲಿಲ್ಲ. ಅವನ ಪಕ್ಕದಲ್ಲೇ ನಿಂತು ಡಬ್ಬಿ ತುಂಬಿಸಿದರು. ಸಂಜೆ ಬಿಳಿಯ ಪೊರೆ ತಳಕ್ಕೆ ಇಳಿಯುವವರೆಗೂ ಯಂತ್ರದ ಬಳಿಯಿಂದ ಏಳಲಿಲ್ಲ.

ಮರುದಿನ ಅವರು ಆಸ್ಪತ್ರೆಯಲ್ಲಿದ್ದರು, ಅಳತೆ ನನ್ನ ಪಾಲಿಗೆ ಬಂದಿತ್ತು. ಬಂದ ಅಂಕಿಯನ್ನು ಫೋನಿನಲ್ಲಿ ಹೇಳಿದೆ. ಅವರು ಮೆಲ್ಲಗೆ ಅಂದರು:

“ಇನ್ನೊಂದ್ಸಲ ಮಾಡಿ ನೋಡವ್ವ. ಒಂದ್ಸಲ ಬಂದಿದ್ದನ್ನ ನಂಬಬಾರ್ದು.”

ಆಪರೇಷನ್ನಿನ ದಿನ ಉಳಿದ ಪೊರೆಯಲ್ಲಿ ಮತ್ತೆ ಮಾಡಿದೆ. ಅದೇ ಬಂತು. ತಿಳಿಸಲು ಫೋನ್ ಮಾಡಿದಾಗ ಎತ್ತಿದವರು ಅವರ ಅಣ್ಣ. “ಆಪರೇಷನ್ನಲ್ಲೇ ಹೋಗ್ಬಿಟ್ಳವ್ವ” ಎಂದರು.

ಆದರೂ ಅಂಕಿ ಹೇಳಿದೆ.