ಕಡ್ಡಿ ಗೀರಿ ನೋಡಿದ ಬಟ್ಟೆ

ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತವನು ನಾನು. ಈಗ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳ ಜೊತೆ ಕೆಲಸ ಮಾಡುವ ನಮ್ಮೂರ ಕಡೆಯ ನರ್ಸ್ ಹುಡುಗಿಯೊಬ್ಬಳು ರಜೆಯಲ್ಲಿ ಎರಡು ಸಾವಿರ ವರ್ಷ ಹಿಂದಿನ ರೋಮನ್ನರಂತೆ ಉಟ್ಟು, ಉಂಡು ತೋರಿಸುವ ತಂಡಕ್ಕೆ ಹೋಗುತ್ತಾಳೆ. ಅಲ್ಲಿ ಅವಳದು ಬಯಲು ಒಲೆಯ ಅಡುಗೆ.

ಅವಳಿಗೊಂದು ಉದ್ದನೆಯ ರೋಮನ್ ಅಂಗಿ ಹೊಲಿಯಲು ಒಪ್ಪಿದೆ. ಕತ್ತರಿಗೆ ಹೆಚ್ಚು ಕೆಲಸವಿಲ್ಲ. ಅಗಲದ ಎರಡು ತುಂಡು, ಬದಿಗಳಿಗೆ ಕೈಹೊಲಿಗೆ, ತಲೆಗೂ ತೋಳಿಗೂ ಜಾಗ. ಆದರೆ ಬಟ್ಟೆ ಅಪ್ಪಟ ಉಣ್ಣೆಯೇ ಆಗಬೇಕು. ಕಿಡಿ ಬಿದ್ದರೆ ಉಣ್ಣೆ ಕರಕಾಗಿ ಅಲ್ಲೇ ಆರುತ್ತದೆ; ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ.

ಅಂಗಡಿಯಲ್ಲಿ ಕೆಂಪು ಬಟ್ಟೆ ಹಿಡಿದು ಕೇಳಿದಳು, "ಅಂಕಲ್, ಇದು ಉಣ್ಣೆಯೇ ಅಲ್ವಾ? ಲೇಬಲ್ ಇಲ್ಲ."

"ನನ್ನ ಬೆರಳಿರುವಾಗ ಲೇಬಲ್ ಎಂತಕ್ಕೆ?"

"ಆಯ್ತು ಮಾರಾಯ್ರೆ, ನಿಮ್ಮ ಬೆರಳಿಗೊಂದು ನಮಸ್ಕಾರ!"

ಅಂಗಿ ಕೊಟ್ಟ ಮರುದಿನ ಉಳಿದ ಚೂರಿಗೆ ಸುಮ್ಮನೆ ಕಡ್ಡಿ ಗೀರಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಪುಡಿಯಾಗಬೇಕು. ಇದು ಪ್ಲಾಸ್ಟಿಕ್ ಸುಟ್ಟಂತೆ ನಾರಿತು. ತುದಿಯಲ್ಲಿ ಗಟ್ಟಿ ಕರಿ ಉಂಡೆ ನಿಂತಿತು.

ಫೋನು ಪಕ್ಕದಲ್ಲೇ ಇತ್ತು. ಬೆರಳಿನ ಬಡಾಯಿ ಬಾಯಿ ಕಟ್ಟಿತು. ಆ ಉಂಡೆಯನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ನಾಲ್ಕು ದಿನ, ಮಗಳು ಗ್ಯಾಸ್ ಹಚ್ಚಿದಾಗಲೆಲ್ಲ ನನ್ನ ಕೈ ಜೇಬಿಗೆ ಹೋಗುತ್ತಿತ್ತು.

ಆ ತಂಡದ ಶಿಬಿರ ಮೆಲ್ಬರ್ನ್‌ನಲ್ಲಿ, ವೆರಿಬೀ ಹತ್ತಿರದ ಬಯಲಲ್ಲಿ. ನೋಡಲು ನನಗೂ ತನಗೂ ಮಗಳು ಫ್ಲೈಟ್ ಬುಕ್ ಮಾಡಿದ್ದಳು. ಏರ್‌ಪೋರ್ಟಿನಿಂದ ಕೊನೆಗೂ ಹುಡುಗಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಶಿಬಿರದಲ್ಲಿ ಫೋನು ಮುಟ್ಟುವಂತಿಲ್ಲವಂತೆ.

"ನಿಮ್ಮ ಹೊಲಿಗೆ ನೋಡೋಕೇ ಹೋಗ್ತಿರೋದು ಅಪ್ಪಾ, ಮುಖ ಯಾಕೆ ಹಾಗೆ?" ಎಂದಳು ಮಗಳು. ನಾನು ಕಿಟಕಿಯ ಕಡೆ ತಿರುಗಿದೆ.

ಶಿಬಿರದಲ್ಲಿ ಜನ ಹಗ್ಗದ ಈಚೆ ನಿಂತು ನೋಡುತ್ತಿದ್ದರು. ಅವಳು ಒಲೆಗೆ ಬಗ್ಗಿದ್ದಳು. ಗಾಳಿಗೆ ಕೆಂಪು ಅಂಚು ಬೆಂಕಿಯ ಕಡೆ ಹಾರಿ ಹಿಂದೆ ಬಂತು, ಮತ್ತೆ ಹಾರಿತು. ನಾನು ಹಗ್ಗ ದಾಟಿ ಓಡಿದೆ.

"ತೆಗಿ ಅದನ್ನ! ಈಗಲೇ ತೆಗಿ! ಉಣ್ಣೆ ಅಲ್ಲ ಅದು!"

"ಎಂತ ಅಂಕಲ್, ಇಷ್ಟು ಜನರ ಎದುರಾ?" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ ಡೇರೆಯೊಳಗೆ ಹೋದಳು. ಜೀನ್ಸ್ ಹಾಕಿಕೊಂಡು ಹೊರಗೆ ಬಂದಾಗಲೇ ಹೆಬ್ಬೆರಳಿನ ಬ್ಯಾಂಡೇಜ್ ಕಂಡದ್ದು.

"ಬೆಳಿಗ್ಗೆ ಅಂಚಿಗೆ ಕಿಡಿ ಬಿತ್ತು. ಉಣ್ಣೆ ಅಲ್ವಾ ಅಂತ ಬೆರಳಲ್ಲೇ ಒತ್ತಿದೆ, ಅಂಟಿಕೊಂಡೇ ಬಿಟ್ಟಿತು. ಹೊಲಿಗೆಯ ದಾರ ಕರಗಿದ್ದೋ ಏನೋ ಅಂದ್ಕೊಂಡೆ. ನೀವು ಆರಿಸಿದ ಬಟ್ಟೆ ಮೇಲೆ ಡೌಟ್ ಪಡ್ಲಿಕ್ಕುಂಟಾ? ನಿಮಗೆ ಯಾವಾಗ ಗೊತ್ತಾಯ್ತು?"

"ಈಗ. ಬಿಸಿಲಿಗೆ ಹೊಳೆದದ್ದು ನೋಡಿ," ಎಂದೆ.

"ಅಬ್ಬಾ, ನಿಮ್ಮ ಕಣ್ಣೇ!" ಎಂದು ಎಲ್ಲರನ್ನೂ ಕರೆದು ಹೇಳಿದಳು. ಅವರು ಚಪ್ಪಾಳೆ ತಟ್ಟಿದರು. ಜೇಬಿನೊಳಗೆ ನನ್ನ ಬೆರಳು ಆ ಉಂಡೆಯ ಮೇಲಿತ್ತು.

ಈಗ ಬರೆದ ಇದನ್ನು ಮೊದಲು ಅವಳಿಗೇ ಓದಲು ಕೊಡಬೇಕು. ಇನ್ನೂ ಕೊಟ್ಟಿಲ್ಲ, ಧೈರ್ಯ ಸಾಲದು. ನಿನ್ನೆ ಹೊಸ ಅಂಗಿಗೆಂದು ಬಟ್ಟೆ ತಂದಿಟ್ಟು ಹೋದಳು. "ಲೇಬಲ್ ನೋಡಲಿಲ್ಲ ಅಂಕಲ್," ಎಂದಳು, "ನೀವಿದ್ದೀರಲ್ಲ."