ಗೂಡ್ಸ್ ಗಾಡಿ ದೊಡ್ಡಮ್ಮ

ಚರ್ಚಿನಲ್ಲಿ ಈ ದೊಡ್ಡಮ್ಮನಿಗೆ ಗೂಡ್ಸ್ ಗಾಡಿ ಎಂದೇ ಹೆಸರು. ಇಡೀ ಸಭೆ ಕೀರ್ತನೆಯ ಮುಂದಿನ ಸಾಲಿಗೆ ಹೋದರೂ ಆಕೆ ಹಿಂದಿನ ಸಾಲಿನ ಕೊನೆಯ ಪದವನ್ನು ಎಳೆಯುತ್ತಲೇ ಇರುತ್ತಾಳೆ. ಮಳೆ ಬರಲಿ, ಜ್ವರ ಬರಲಿ, ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದ ಗಂಡನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದೇ ಬರುತ್ತಾಳೆ. "ದೊಡ್ಡಮ್ಮಾ, ಸ್ವಲ್ಪ ಬೇಗ ಹಾಡಬಾರದಾ?" ಎಂದು ಆರ್ಗನ್ ಮಾಸ್ತರು ಗೋಗರೆದರೆ, "ಅವಸರ ಯಾಕಪ್ಪಾ? ದೇವರೇನು ಬಸ್ಸು ಹಿಡೀಬೇಕಾ?" ಎನ್ನುತ್ತಾಳೆ. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ನುಡಿಸಿದ ಮಾಸ್ತರು ಈ ಭಾನುವಾರ ಸಿಟ್ಟಿನಲ್ಲಿ ಆರ್ಗನ್ ನಿಲ್ಲಿಸಿಯೇಬಿಟ್ಟರು. ಸಭೆಯೂ ಸುಮ್ಮನಾಯಿತು. ಆಕೆಯ ದನಿಯೊಂದೇ ಎಳೆಯುತ್ತಿತ್ತು. ಅದರಡಿಯಲ್ಲಿ, ಗಾಲಿಕುರ್ಚಿಯಿಂದ, ಒಡಕು ಗಂಡುದನಿಯೊಂದು ಅಕ್ಷರ ಅಕ್ಷರವಾಗಿ ತೆವಳಿ ಬಂದು ಆ ಪದವನ್ನು ಮುಗಿಸಿತು. ಮಾಸ್ತರು ಮತ್ತೆ ಆರ್ಗನ್ ನುಡಿಸತೊಡಗಿದರು. ಮುಂದಿನ ಸಾಲಿನ ಕೊನೆಯ ಸ್ವರವನ್ನು ಅವರು ಬೆರಳೆತ್ತದೆ ಹಿಡಿದೇ ಇದ್ದರು, ಆ ದನಿ ಬಂದು ಸೇರುವವರೆಗೆ.